ಧರ್ಮದ್ವೇಷ ಗ್ರೂಪಿಗೆ, ಬೀದಿಗೆ, ಮನೆಬಾಗಿಲಿಗೆ ಬಂದಾಗ ಏನು ಮಾಡಬೇಕು: ಬೆಂಗಳೂರಿನವರಿಗೊಂದು ಕೈಪಿಡಿ

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ರಾತ್ರಿ ಹತ್ತೂವರೆಗೆ ಒಂದು ವಿಡಿಯೊ ಬೀಳುತ್ತದೆ. ಕೆಳಗೆ ಎರಡು ಸಾಲು: ಇಂಥ ಧರ್ಮದವರು ನಿನ್ನೆ ನಮ್ಮ ಏರಿಯಾದಲ್ಲೇ ಹೀಗೆ ಮಾಡಿದ್ದಾರೆ, ಎಲ್ಲರಿಗೂ ಕಳಿಸಿ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಾಲ್ಕಾರು ಕೆಂಪು ಮುಖದ ಇಮೋಜಿಗಳು ಬರುತ್ತವೆ, ಯಾರೋ ಒಬ್ಬರು ‘ಇವರಿಗೆ ಬುದ್ಧಿ ಕಲಿಸಲೇಬೇಕು’ ಎಂದು ಬರೆಯುತ್ತಾರೆ. ಆ ಧರ್ಮದ ನಾಲ್ಕು ಮನೆಗಳವರೂ ಅದೇ ಗ್ರೂಪಿನಲ್ಲಿದ್ದಾರೆ. ಅವರು ಓದುತ್ತಾರೆ, ಸುಮ್ಮನಿರುತ್ತಾರೆ, ಮಾರನೇ ಬೆಳಗ್ಗೆ ಲಿಫ್ಟಿನಲ್ಲಿ ಕಣ್ಣು ತಪ್ಪಿಸುತ್ತಾರೆ.

ದ್ವೇಷ ಯಾವಾಗಲೂ ಮೋಘಮ್ಮಾಗಿ ಮಾತಾಡುತ್ತದೆ. ‘ಅವರು’, ‘ಆ ಜನ’, ‘ಎಲ್ಲರೂ ಹಾಗೇ’. ಅದನ್ನು ತಡೆಯಲು ಹೊರಟವರು ಇದಕ್ಕೆ ತದ್ವಿರುದ್ಧವಾಗಿ ಕರಾರುವಾಕ್ಕಾಗಿರಬೇಕು. ಯಾರು ಹೇಳಿದ್ದು, ಯಾವ ಮಾತು, ಯಾವ ಜಾಗದಲ್ಲಿ, ಎಷ್ಟು ಗಂಟೆಗೆ, ಅದು ಯಾವ ಕಲಂ ಅಡಿ ಬರುತ್ತದೆ ಎಂಬುದು ಸ್ಪಷ್ಟವಿರಬೇಕು. ಈ ಐದು ವಿವರ ಇಲ್ಲದ ದೂರು ಠಾಣೆಯ ಮೇಜಿನ ಮೇಲೇ ಉಳಿಯುತ್ತದೆ. ವಿವರ ಇಲ್ಲದ ಕೋಪವಂತೂ ಇನ್ನೊಂದು ವದಂತಿಯಾಗಿ ಹೊರಡುತ್ತದೆ.

ಈ ಊರಿಗೆ ಇದು ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ‘ಈಶಾನ್ಯದವರ ಮೇಲೆ ದಾಳಿ ಆಗುತ್ತದೆ’ ಎಂಬ ಎಸ್‌ಎಂಎಸ್, ಎಂಎಂಎಸ್‌ಗಳು ಹರಿದಾಡಿ, ಸಾವಿರಾರು ಜನ ಕೆಲಸ ಬಿಟ್ಟು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಬಂದು ನಿಂತರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವುದನ್ನು ಕೇಂದ್ರ ಸರ್ಕಾರ ಹದಿನೈದು ದಿನ ನಿಲ್ಲಿಸಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪೊಂದು ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಚಾಮರಾಜಪೇಟೆಯಲ್ಲಿ ಹೊಡೆದು ಕೊಂದಿತು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟ್‌ನ ಕಾರಣಕ್ಕೆ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಶಾಸಕರ ಮನೆಗೆ, ಠಾಣೆಯ ವಾಹನಗಳಿಗೆ ಬೆಂಕಿ ಬಿತ್ತು, ಗೋಲಿಬಾರ್ ಆಯಿತು, ಜೀವಗಳು ಹೋದವು. ಅದೇ ರಾತ್ರಿ ಅದೇ ಪ್ರದೇಶದಲ್ಲಿ ಮುಸ್ಲಿಂ ಹುಡುಗರು ದೇವಸ್ಥಾನದ ಸುತ್ತ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಮೂರೂ ಘಟನೆಗಳಲ್ಲಿ ಮೊದಲ ಸಂದೇಶಕ್ಕೂ ಆಮೇಲಾದ ಅನಾಹುತಕ್ಕೂ ನಡುವೆ ಸ್ವಲ್ಪ ಸಮಯವಿತ್ತು. ಏನಾದರೂ ಮಾಡಲು ಸಾಧ್ಯವಿರುವುದು ಆ ಹೊತ್ತಿನಲ್ಲೇ.

ಮೊದಲು: ಯಾವುದು ಅಪರಾಧ, ಯಾವುದು ಅಲ್ಲ

ಇಲ್ಲಿ ಎಡವುವವರೇ ಹೆಚ್ಚು. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ತಮ್ಮ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಅದು ಒಳಪಟ್ಟಿದೆ. ಆತ್ಮಸಾಕ್ಷಿ ಎಂದ ಮೇಲೆ ಯಾವ ದೇವರನ್ನೂ ನಂಬದವರೂ ಅದರೊಳಗೇ ಬರುತ್ತಾರೆ. ಇನ್ನೊಂದು ಕಡೆ 19ನೇ ವಿಧಿಯ ವಾಕ್ ಸ್ವಾತಂತ್ರ್ಯವಿದೆ. ಒಂದು ಧರ್ಮದ ಆಚರಣೆಯನ್ನು ಟೀಕಿಸುವುದು, ಗ್ರಂಥವನ್ನು ಪ್ರಶ್ನಿಸುವುದು, ಮಠದ ಅಥವಾ ಮಸೀದಿ ಕಮಿಟಿಯ ಲೆಕ್ಕ ಕೇಳುವುದು ದ್ವೇಷವಲ್ಲ. ನಮಗೆ ನೋವಾಯಿತು ಎಂಬ ಒಂದೇ ಕಾರಣಕ್ಕೆ ದೂರು ಕೊಡಬೇಡಿ. ನೀವು ಇಂದು ಹಾಗೆ ಬಳಸಿದ ಕಲಂ ನಾಳೆ ನಿಮ್ಮ ಮಾತಿನ ಮೇಲೂ ಬರುತ್ತದೆ.

ಕೈಯಲ್ಲಿರುವ ಮಾತನ್ನು ಅಳೆಯಲು ಹೀಗೆ ಕೇಳಿಕೊಳ್ಳಿ. ಗುರಿ ಯಾರು: ಒಂದು ವಿಚಾರವೋ, ಒಬ್ಬ ವ್ಯಕ್ತಿ ಮಾಡಿದ ತಪ್ಪೋ, ಅಥವಾ ಆ ಧರ್ಮದಲ್ಲಿ ಹುಟ್ಟಿದ ಎಲ್ಲರೂ? ಏನಾದರೂ ಮಾಡಿ ಎಂದು ಕರೆ ಕೊಡುತ್ತಿದೆಯೇ: ಹೊಡೆಯಿರಿ, ಓಡಿಸಿ, ಅವರ ಅಂಗಡಿಗೆ ಹೋಗಬೇಡಿ, ಮನೆ ಕೊಡಬೇಡಿ? ಸುಳ್ಳನ್ನು ಸುದ್ದಿ ಎಂದು ಹೇಳುತ್ತಿದೆಯೇ? ಯಾವ ಸಂದರ್ಭದಲ್ಲಿ ಬಂದಿದೆ: ಮೆರವಣಿಗೆ ಹೊರಡುವ ಹಿಂದಿನ ರಾತ್ರಿಯೋ, ಸುಮ್ಮನೆ ಹರಟೆಯ ನಡುವೆಯೋ? ಇಡೀ ಸಮುದಾಯವೇ ಗುರಿಯಾಗಿದ್ದು, ಕೆಟ್ಟದ್ದನ್ನು ಮಾಡಿ ಎಂಬ ಕರೆಯೂ ಸೇರಿದ್ದರೆ ಅದು ಬಹುಮಟ್ಟಿಗೆ ಅಪರಾಧದ ಕಡೆಗೇ ಇದೆ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 153ಎ, 295ಎ ಹೆಸರಿನಲ್ಲಿ ದೂರು ಬರೆದು ತರುವವರು ಈಗಲೂ ಇದ್ದಾರೆ. ಹೊಸ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಧರ್ಮ, ಜಾತಿ, ಭಾಷೆ ಮುಂತಾದವುಗಳ ಆಧಾರದ ಮೇಲೆ ಗುಂಪುಗಳ ನಡುವೆ ವೈರ ಬೆಳೆಸುವುದು ಕಲಂ 196, ಮೂರು ವರ್ಷದವರೆಗೆ ಶಿಕ್ಷೆ. ಅದನ್ನೇ ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ. ಪೂಜಾಸ್ಥಳಕ್ಕೆ ಹಾನಿ ಮಾಡುವುದು ಅಥವಾ ಅಪವಿತ್ರಗೊಳಿಸುವುದು ಕಲಂ 298. ಧಾರ್ಮಿಕ ಭಾವನೆ ಕೆರಳಿಸಲೆಂದೇ ಬೇಕೆಂದು, ದುರುದ್ದೇಶದಿಂದ ಮಾಡಿದ ಕೃತ್ಯ ಕಲಂ 299. ನಡೆಯುತ್ತಿರುವ ಪೂಜೆ, ನಮಾಜು, ಪ್ರಾರ್ಥನಾ ಸಭೆಗೆ ಅಡ್ಡಿಪಡಿಸುವುದು ಕಲಂ 300. ಸ್ಮಶಾನ, ಖಬರಸ್ತಾನ ಅಥವಾ ಪೂಜಾಸ್ಥಳಕ್ಕೆ ಭಾವನೆ ನೋಯಿಸಲೆಂದು ನುಗ್ಗುವುದು ಕಲಂ 301. ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ, ವದಂತಿ ಹಬ್ಬಿಸುವುದು ಕಲಂ 353. ಐವರು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಂದರೆ ಕಲಂ 103(2), ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ.

299ರಲ್ಲಿ ‘ಬೇಕೆಂದು’ ಮತ್ತು ‘ದುರುದ್ದೇಶ’ ಎರಡೂ ಇರಬೇಕು. ಅಜ್ಞಾನದಿಂದ, ಬೇಜವಾಬ್ದಾರಿಯಿಂದ ಆಡಿದ ಮಾತು ಅದರಡಿ ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: 196ರಡಿ ಒಂದು ಮಾತಿನ ಪರಿಣಾಮವನ್ನು ಅಳೆಯಬೇಕಾದ್ದು ವಿವೇಕ, ಧೈರ್ಯ ಇರುವವರ ಅಳತೆಯಲ್ಲಿ, ಎಲ್ಲದಕ್ಕೂ ಬೆದರುವವರ ಅಳತೆಯಲ್ಲಿ ಅಲ್ಲ.

ಮೊದಲ ಒಂದು ಗಂಟೆ

ಯಾರಿಗಾದರೂ ಏಟು ಬೀಳುವ ಸಂಭವ ಕಂಡರೆ ಮೊದಲು 112ಕ್ಕೆ ಫೋನ್ ಮಾಡಿ, ಉಳಿದದ್ದೆಲ್ಲ ಆಮೇಲೆ. ‘ಗಲಾಟೆ ಆಗ್ತಿದೆ’ ಎಂದಷ್ಟೇ ಹೇಳಬೇಡಿ. ಯಾವ ಕ್ರಾಸ್, ಯಾವ ಅಂಗಡಿಯ ಎದುರು, ಸುಮಾರು ಎಷ್ಟು ಜನ, ಕೈಯಲ್ಲಿ ಏನಾದರೂ ಇದೆಯೇ, ಯಾರನ್ನು ಸುತ್ತುವರಿದಿದ್ದಾರೆ ಎಂದು ಹೇಳಿ. ಕರೆ ಮಾಡಿದ ಸಮಯವನ್ನು ಬರೆದಿಡಿ. ಪೊಲೀಸರು ತಡವಾಗಿ ಬಂದರೆ ಅಥವಾ ಬರದೇ ಹೋದರೆ ಮುಂದೆ ಅದೇ ದಾಖಲೆ.

ಅಪಾಯ ಕಣ್ಣೆದುರಿಗಿಲ್ಲ, ಸಂದೇಶ ಮಾತ್ರ ಬಂದಿದೆ ಎಂದಾದರೆ ಅಳಿಸುವ ಮುನ್ನ, ಜಗಳಕ್ಕಿಳಿಯುವ ಮುನ್ನ ಅದನ್ನು ಉಳಿಸಿಕೊಳ್ಳಿ. ಹೇಗೆ ಎಂಬುದು ಮುಂದಿನ ಭಾಗದಲ್ಲಿದೆ. ಆಮೇಲೆ ವಿಡಿಯೊ ಎಲ್ಲಿಯದು ಎಂದು ಪರೀಕ್ಷಿಸಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದ ನೆರೆಯವರು ಅದನ್ನು ಚಿತ್ರೀಕರಿಸಿದವರಂತೂ ಅಲ್ಲ. ವಿಡಿಯೊವನ್ನು ಎರಡು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಹಳೆಯ ದಿನಾಂಕದ ಪ್ರತಿ ಸಿಗುತ್ತದೆಯೇ ನೋಡಿ. ಜಾಗ ತಿಳಿಯಲು ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರ್ ಪ್ಲೇಟಿನ ಮೊದಲೆರಡು ಅಕ್ಷರ, ಬಸ್ಸಿನ ಬಣ್ಣ, ಪೊಲೀಸರ ಸಮವಸ್ತ್ರ ಗಮನಿಸಿ. ಶಬ್ದ ಕೇಳಿ: ಹಿನ್ನೆಲೆಯಲ್ಲಿ ಯಾವ ಭಾಷೆ? ‘ನಮ್ಮ ಏರಿಯಾ’ದ ವಿಡಿಯೊದಲ್ಲಿ ಒಂದೂ ಕನ್ನಡದ ಬೋರ್ಡ್ ಇಲ್ಲ, ಒಂದೂ ಕೆಎ ಗಾಡಿ ಇಲ್ಲ ಎಂದರೆ ಉತ್ತರ ಅಲ್ಲೇ ಸಿಕ್ಕಿತು.

ಗ್ರೂಪಿನಲ್ಲಿ ಉತ್ತರಿಸುವುದೇ ಆದರೆ ಒಂದೇ ಸಲ, ಚಿಕ್ಕದಾಗಿ. ಹೀಗೆ ಬರೆಯಬಹುದು:

‘ಈ ವಿಡಿಯೊ ಎಲ್ಲಿಯದು, ಯಾವತ್ತಿನದು ಅಂತ ಯಾರಿಗಾದರೂ ಖಚಿತವಾಗಿ ಗೊತ್ತಾ? ಗೊತ್ತಾಗುವ ತನಕ ದಯವಿಟ್ಟು ಮುಂದೆ ಕಳಿಸಬೇಡಿ. ಈ ಗ್ರೂಪಿನಲ್ಲಿ ಎಲ್ಲ ಧರ್ಮದ ಮನೆಯವರೂ ಇದ್ದಾರೆ, ಇದನ್ನು ಓದುತ್ತಿದ್ದಾರೆ.’

ಕಳಿಸಿದವರ ಹೆಸರು ಹಿಡಿದು ಎಲ್ಲರೆದುರು ಬೈದರೆ ಅವರು ಹಟಕ್ಕೆ ಬಿದ್ದು ಇನ್ನಷ್ಟು ಕಳಿಸುತ್ತಾರೆ. ಅವರಿಗೆ ಬೇರೆಯಾಗಿ ಫೋನ್ ಮಾಡಿ: ‘ಅಣ್ಣ, ಆ ವಿಡಿಯೊ ಬೇರೆ ರಾಜ್ಯದ್ದು, ಹಳೇದು, ಲಿಂಕ್ ಕಳಿಸಿದ್ದೀನಿ. ನೀವೇ ಡಿಲೀಟ್ ಮಾಡಿ ಒಂದು ಮಾತು ಹಾಕಿಬಿಡಿ.’ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಕೊಟ್ಟರೆ ಹೆಚ್ಚಿನವರು ಸರಿಯುತ್ತಾರೆ. ಖಂಡಿಸುವುದಕ್ಕೆಂದು ಅದೇ ವಿಡಿಯೊವನ್ನು ಬೇರೆ ಗ್ರೂಪಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಹಾಗೆ ಮಾಡಿದರೆ ಅದನ್ನು ಹಬ್ಬಿಸುವ ಕೆಲಸಕ್ಕೆ ನೀವೂ ಸೇರಿದಂತೆ.

ಗ್ರೂಪ್ ಅಡ್ಮಿನ್‌ಗಳು ಹೆದರಬೇಕಿಲ್ಲ. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೆ ಅಡ್ಮಿನ್‌ಗೆ ಯಾರ ಸಂದೇಶವನ್ನಾದರೂ ಎಲ್ಲರಿಂದ ಅಳಿಸುವ, ಗ್ರೂಪನ್ನು ‘ಅಡ್ಮಿನ್ ಮಾತ್ರ’ ಎಂದು ಬದಲಿಸುವ ಬಟನ್ ಇದೆ. ಸಾಕ್ಷ್ಯ ಉಳಿಸಿಕೊಂಡ ಮೇಲೆ ರಾತ್ರಿಯಿಡೀ ಗ್ರೂಪನ್ನು ಬಂದ್ ಇಟ್ಟು ಬೆಳಗ್ಗೆ ತೆರೆಯುವುದು ಒಳ್ಳೆಯ ಕ್ರಮ.

ಇಷ್ಟರಲ್ಲಿ ಎಲ್ಲರೂ ಮರೆಯುವ ಕೆಲಸವೊಂದಿದೆ. ಗುರಿಯಾದ ಮನೆಯವರಲ್ಲಿ ಒಬ್ಬರಿಗಾದರೂ ಆ ರಾತ್ರಿಯೇ ಫೋನ್ ಮಾಡಿ. ನೋಡಿದೆವು, ನಿಮ್ಮ ಜೊತೆ ಇದ್ದೇವೆ, ನಿಮಗೆ ಏನು ಬೇಕು ಎಂದು ಕೇಳಿ. ಅವರಿಗೆ ಕೇಸು ಬೇಕಿರಬಹುದು, ಬೇಡವಿರಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಓನರ್ ಭಯ, ಮಗಳ ಶಾಲೆಯ ಚಿಂತೆ ಇರುತ್ತದೆ. ಅವರ ಹೆಸರನ್ನು ದೂರಿನಲ್ಲಿ ಬರೆಯುವ ಮೊದಲು ಅವರ ಒಪ್ಪಿಗೆ ಬೇಕೇ ಬೇಕು. ದೂರನ್ನು ನೀವೇ ಕೊಡಬಹುದು. ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ) ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು, ಸಂತ್ರಸ್ತರೇ ಆಗಬೇಕೆಂದಿಲ್ಲ.

ಸಾಕ್ಷ್ಯ ಉಳಿಸುವ ಬಗೆ

ಬರೀ ಸ್ಕ್ರೀನ್‌ಶಾಟ್ ದುರ್ಬಲ. ಅದರಲ್ಲಿ ಕಳಿಸಿದವರ ಹೆಸರು ನಿಮ್ಮ ಫೋನಿನಲ್ಲಿ ನೀವು ಸೇವ್ ಮಾಡಿದಂತೆ ಕಾಣುತ್ತದೆ, ಅದು ಯಾರೆಂದು ಅದರಿಂದ ಸಾಬೀತಾಗುವುದಿಲ್ಲ. ಸ್ಕ್ರೀನ್ ರೆಕಾರ್ಡಿಂಗ್ ಚಾಲೂ ಮಾಡಿ, ಗ್ರೂಪಿನ ಹೆಸರು ಮತ್ತು ಮಾಹಿತಿ ಪುಟ ತೋರಿಸಿ, ಕಳಿಸಿದವರ ಪ್ರೊಫೈಲ್ ಒತ್ತಿ ಫೋನ್ ನಂಬರ್ ಕಾಣಿಸಿ, ಮತ್ತೆ ಚಾಟ್‌ಗೆ ಬಂದು ದಿನಾಂಕದ ಪಟ್ಟಿ ಕಾಣುವಷ್ಟು ಮೇಲಕ್ಕೆ ಸರಿಸಿ, ಆಮೇಲೆ ನಿಧಾನವಾಗಿ ಆ ಸಂದೇಶಕ್ಕೆ ಇಳಿಯಿರಿ. ಹಿಂದಿನ ಮುಂದಿನ ಹತ್ತು ಸಂದೇಶ ಇರಲಿ, ಇಲ್ಲದಿದ್ದರೆ ‘ಸಂದರ್ಭ ಬಿಟ್ಟು ತೋರಿಸಿದ್ದಾರೆ’ ಎಂಬ ವಾದ ಎದುರಾಗುತ್ತದೆ. ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಕಳಿಸಿದವರು ಸುಮಾರು ಎರಡು ದಿನದವರೆಗೂ ‘ಎಲ್ಲರಿಂದ ಅಳಿಸಬಹುದು’, ಆದ್ದರಿಂದ ನಾಳೆ ಮಾಡಿದರಾಯಿತು ಎನ್ನಬೇಡಿ.

ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆದರೆ ಆ ಪೋಸ್ಟ್‌ನ ಪೂರ್ತಿ ಲಿಂಕ್ ಮತ್ತು ಖಾತೆಯ ಲಿಂಕ್ ಬೇಕು, ಹೆಸರೊಂದೇ ಸಾಲದು. ಹೆಸರು, ಚಿತ್ರ ಎರಡನ್ನೂ ಒಂದು ನಿಮಿಷದಲ್ಲಿ ಬದಲಿಸಬಹುದು. ವಿಡಿಯೊ ಉದ್ದವಿದ್ದರೆ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಆ ಮಾತು ಬರುತ್ತದೆ ಎಂದು ಬರೆಯಿರಿ.

ಮೂಲ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಡಿಜಿಟಲ್ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ‘ಎ’ ಭಾಗವನ್ನು ಕೊಡುವವರು, ‘ಬಿ’ ಭಾಗವನ್ನು ತಜ್ಞರು ತುಂಬುತ್ತಾರೆ, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಆ ಕಡತದ ಬೆರಳಚ್ಚು. ಒಂದು ಸೆಕೆಂಡ್ ಕತ್ತರಿಸಿದರೂ ಬದಲಾಗುತ್ತದೆ. ಹಾಗಾಗಿ ‘ಮುಖ್ಯ ಭಾಗ ಮಾತ್ರ ಕಟ್ ಮಾಡಿ ಕೊಡ್ತೀನಿ’ ಎಂಬ ಉಪಕಾರ ಮಾಡಬೇಡಿ. ಮೂಲವನ್ನು ಮುಟ್ಟದೆ ಪೆನ್‌ಡ್ರೈವ್‌ಗೆ ಹಾಕಿ, ಕತ್ತರಿಸಿದ್ದನ್ನು ಬೇಕಾದರೆ ಪ್ರತ್ಯೇಕ ಕೊಡಿ.

ಬೀದಿ ಭಾಷಣವಾದರೆ ಇನ್ನೂ ಒಂದು ಕೆಲಸ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಆಡಿದ ಹಾಗೇ ಬರೆಯಬೇಕು. ಹಿಂದಿಯಲ್ಲೋ ತಮಿಳಿನಲ್ಲೋ ದಖನಿಯಲ್ಲೋ ಆಡಿದ್ದರೆ ಮೊದಲು ಆ ಭಾಷೆಯ ಸಾಲು ಕನ್ನಡ ಲಿಪಿಯಲ್ಲಿ, ಕೆಳಗೆ ಅದರ ಅರ್ಥ.

ಠಾಣೆಯಲ್ಲಿ

ದೂರು ಎರಡು ಪುಟ ಮೀರಬಾರದು. ಧಾರ್ಮಿಕ ಸೌಹಾರ್ದದ ಮೇಲೆ ಪ್ರಬಂಧ ಬರೆದುಕೊಂಡು ಹೋದರೆ ಓದುವವರಿಗೆ ಅಪರಾಧ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಮೊದಲ ಪ್ಯಾರಾ ಹೀಗಿರಲಿ:

‘ದಿನಾಂಕ …ರಂದು ಸಂಜೆ ಸುಮಾರು 6.40ಕ್ಕೆ … ವೃತ್ತದ ಬಳಿ ಹಾಕಿದ್ದ ವೇದಿಕೆಯಲ್ಲಿ, ಮತ್ತೆ ನೋಡಿದರೆ ನಾನು ಗುರುತಿಸಬಲ್ಲ ವ್ಯಕ್ತಿಯೊಬ್ಬರು ಸುಮಾರು 150 ಜನರ ಎದುರು ಮೈಕಿನಲ್ಲಿ ಈ ಕೆಳಗಿನ ಮಾತುಗಳನ್ನು ಆಡಿದರು: “…”. ಈ ಮಾತು ಕೇಳಿದ ಮೇಲೆ ಗುಂಪಿನ ಕೆಲವರು … ಅಂಗಡಿಯ ಮುಂದೆ ನಿಂತು ಘೋಷಣೆ ಕೂಗಿದರು. ಇದು ಭಾರತೀಯ ನ್ಯಾಯ ಸಂಹಿತೆಯ ಕಲಂ 196 ಮತ್ತು 353(2)ರ ಅಡಿ ಶಿಕ್ಷಾರ್ಹ. ಪ್ರಕರಣ ದಾಖಲಿಸಲು ಕೋರುತ್ತೇನೆ.’

ನಂತರ ಸಾಕ್ಷಿಗಳ ಹೆಸರು, ಲಗತ್ತಿಸಿದ ಪೆನ್‌ಡ್ರೈವ್‌ನಲ್ಲಿ ಏನೇನಿದೆ ಎಂಬ ಪಟ್ಟಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು, ಸಹಿ, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಐವತ್ತು ಜನರನ್ನು ಕಟ್ಟಿಕೊಂಡೂ ಹೋಗಬೇಡಿ. ಮೂವರು ಸಾಕು, ಬೇರೆ ಬೇರೆ ಧರ್ಮದವರಾದರೆ ಒಳ್ಳೆಯದು. ‘ಇದು ಒಂದು ಕೋಮಿನವರ ದೂರು’ ಎಂಬ ಮಾತು ಹುಟ್ಟುವುದಕ್ಕೇ ಆಗ ಜಾಗ ಇರುವುದಿಲ್ಲ.

‘ಇದು ನಮ್ಮ ಲಿಮಿಟ್‌ಗೆ ಬರಲ್ಲ’ ಎಂದರೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಇಮೇಲ್ ಮುಂತಾದ ಎಲೆಕ್ಟ್ರಾನಿಕ್ ವಿಧಾನದಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

‘ವಿಚಾರಣೆ ಮಾಡಿ ಹೇಳ್ತೀವಿ’ ಎಂದರೆ ಅದು ಯಾವಾಗಲೂ ತಪ್ಪಿಸಿಕೊಳ್ಳುವ ಮಾತಲ್ಲ. ಮೂರರಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ (ನಮ್ಮಲ್ಲಿ ಎಸಿಪಿ) ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಕಲಂ 173(3) ಅವಕಾಶ ಕೊಟ್ಟಿದೆ. ಮಾತಿಗೆ ಸಂಬಂಧಿಸಿದ ಇಂಥ ಪ್ರಕರಣಗಳಲ್ಲಿ ಆ ವಿಚಾರಣೆ ನಡೆಸುವುದೇ ಸೂಕ್ತ ಎಂದು ಪ್ರತಾಪ್‌ಗಢಿ ತೀರ್ಪೂ ಹೇಳಿದೆ. ಹದಿನಾಲ್ಕು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಹದಿನೈದನೆಯ ದಿನ ಲಿಖಿತವಾಗಿ ಕೇಳಿ.

ದೂರು ತೆಗೆದುಕೊಳ್ಳುವುದೇ ಇಲ್ಲ ಎಂದರೆ ಹಿಂಬರಹ, ಅಂದರೆ ಯಾಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಲಿಖಿತ ಉತ್ತರ ಕೇಳಿ. ಕೊಡದಿದ್ದರೆ ಅದೇ ದೂರನ್ನು ನಿಮ್ಮ ವಿಭಾಗದ ಡಿಸಿಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಕಲಂ 173(4)ರ ದಾರಿ ಅದು. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಹಿತ ಅರ್ಜಿ, ಕಲಂ 175(3). ಡಿಸಿಪಿಗೆ ಬರೆದ ಹೆಜ್ಜೆ ಬಿಟ್ಟು ನೇರ ಕೋರ್ಟಿಗೆ ಹೋದ ಅರ್ಜಿ ಅಲ್ಲೇ ಬೀಳುತ್ತದೆ. ಬೀಳುವ ಅರ್ಜಿಗಳಲ್ಲಿ ಇದು ತೀರಾ ಸಾಮಾನ್ಯ ಕಾರಣ.

ಎರಡು ಸುಪ್ರೀಂ ಕೋರ್ಟ್ ಆದೇಶಗಳನ್ನು ದೂರಿನ ಕೊನೆಯಲ್ಲಿ ಒಂದೊಂದು ಸಾಲಿನಲ್ಲಿ ನೆನಪಿಸಬಹುದು. 2018ರ ಜುಲೈ 17ರ ತೆಹಸೀನ್ ಪೂನಾವಾಲಾ ತೀರ್ಪು, ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದಿತು. 2023ರ ಏಪ್ರಿಲ್ 28ರ ಆದೇಶ, ದ್ವೇಷ ಭಾಷಣವಾದರೆ ಯಾರ ದೂರಿಗೂ ಕಾಯದೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬೇಕೆಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಮಾತಾಡಿದವರ ಧರ್ಮ ಯಾವುದೆಂದು ನೋಡಬಾರದು ಎಂದೂ ಸೇರಿಸಿತು.

ಇನ್ನೊಂದು ಸಂಗತಿ ಗೊತ್ತಿರಲಿ. 196, 299, 353ರಂಥ ಪ್ರಕರಣಗಳಲ್ಲಿ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವ ಮುನ್ನ ಸರ್ಕಾರದ ಪೂರ್ವಾನುಮತಿ ಬೇಕು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 217. ಎಫ್‌ಐಆರ್ ಹಾಕಲು ಅದು ಬೇಕಿಲ್ಲ. ಅನುಮತಿ ಬಾರದೆ ಕಡತಗಳು ವರ್ಷಗಟ್ಟಲೆ ಕೂರುವುದುಂಟು. ಆರೋಪಪಟ್ಟಿ ಸಲ್ಲಿಕೆ, ಅನುಮತಿಯ ಹಂತ ಎರಡನ್ನೂ ಮೂರು ತಿಂಗಳಿಗೊಮ್ಮೆ ಲಿಖಿತವಾಗಿ ವಿಚಾರಿಸುತ್ತಿರಿ.

ವಕೀಲರಿಗೆ ಹಣವಿಲ್ಲ ಎಂದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಿದೆ. ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಉಚಿತ. ಪೊಲೀಸರೇ ನಿರ್ಲಕ್ಷಿಸಿದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು. ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೂ ಬರೆಯಬಹುದು. ಆಯೋಗಗಳು ವರದಿ ಕೇಳುತ್ತವೆ, ಶಿಫಾರಸು ಮಾಡುತ್ತವೆ, ಶಿಕ್ಷೆ ಕೊಡುವುದಿಲ್ಲ. ಆದರೂ ಆಯೋಗದ ಪತ್ರವೊಂದು ಬಂದರೆ ಮಲಗಿದ್ದ ಕಡತ ಏಳುತ್ತದೆ.

ಪತ್ರಿಕೆ, ಟಿವಿ, ಜಾಲತಾಣ

ಜಾಲತಾಣದ ರಿಪೋರ್ಟ್ ಬಟನ್ ಒತ್ತಿ ಸುಮ್ಮನಾಗಬೇಡಿ. ಆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಲಿಂಕ್ ಸಹಿತ ಬರೆಯಿರಿ, ಅವರ ಉತ್ತರ ಸರಿಯಿಲ್ಲವಾದರೆ ಮೂವತ್ತು ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿ ಹೋಗಬಹುದು. ದಿನಪತ್ರಿಕೆಯ ವರದಿಯಾದರೆ ಮೊದಲು ಸಂಪಾದಕರಿಗೆ ಪತ್ರ, ಆಮೇಲೆ ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ. ಟಿವಿ ಚಾನೆಲ್ ಆದರೆ ಕಾರ್ಯಕ್ರಮದ ಹೆಸರು, ದಿನಾಂಕ, ಪ್ರಸಾರದ ಸಮಯ ಬರೆದು ಮೊದಲು ಚಾನೆಲ್‌ಗೇ, ಅದೂ ಒಂದು ವಾರದೊಳಗೆ. ತಡವಾದರೆ ದೂರನ್ನು ಅವಧಿ ಮೀರಿದೆ ಎಂದೇ ತಳ್ಳಿಹಾಕುತ್ತಾರೆ.

ಮನೆ, ಅಂಗಡಿ, ಶಾಲೆ

‘ನಿಮ್ಮವರಿಗೆ ಮನೆ ಕೊಡಲ್ಲ’ ಎಂಬ ಮಾತು ಈ ಊರಿನಲ್ಲಿ ದಿನವೂ ಕೇಳುತ್ತದೆ. ನೇರವಾಗಿ ಹೇಳಬೇಕೆಂದರೆ, ಖಾಸಗಿ ಓನರ್ ಧರ್ಮದ ಕಾರಣಕ್ಕೆ ಬಾಡಿಗೆ ನಿರಾಕರಿಸಿದರೆ ಶಿಕ್ಷಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ, ಶಾಸನಸಭೆ ತುಂಬಬೇಕಾದದ್ದು. 15(2)ನೇ ವಿಧಿ ಅಂಗಡಿ, ಹೋಟೆಲ್, ಮನರಂಜನೆಯ ಜಾಗ, ಕೆರೆ ಬಾವಿಗಳಿಗೆ ಧರ್ಮದ ಆಧಾರದಲ್ಲಿ ಪ್ರವೇಶ ನಿರಾಕರಿಸುವುದನ್ನು ನಿಷೇಧಿಸುತ್ತದೆ, ವಾಸದ ಮನೆಯನ್ನು ಹೆಸರಿಸುವುದಿಲ್ಲ. ಹಾಗಾಗಿ ಇಲ್ಲಿ ಕೆಲಸ ಕಾನೂನಿಗಿಂತ ನೆರೆಹೊರೆಯದು. ನಿಮಗೆ ಖಾಲಿ ಮನೆಯಿದ್ದರೆ ಬ್ರೋಕರ್‌ಗೆ ಮೊದಲೇ ‘ಧರ್ಮ ಕೇಳಬೇಡ, ಕೆಲಸ, ಅಡ್ವಾನ್ಸ್ ವಿಷಯ ಮಾತ್ರ ಕೇಳು’ ಎಂದು ಹೇಳಿ. ಎಷ್ಟೋ ಸಲ ಓನರ್ ಕೇಳುವ ಮೊದಲೇ ಬ್ರೋಕರ್ ಹೆಸರು ನೋಡಿ ವಾಪಸ್ ಕಳಿಸಿರುತ್ತಾನೆ. ಅಪಾರ್ಟ್‌ಮೆಂಟ್ ಸಂಘ ಓನರ್‌ಗೆ ‘ಇಂಥವರಿಗೆ ಕೊಡಬೇಡಿ’ ಎಂದು ಒತ್ತಡ ಹಾಕಿದರೆ ಅದನ್ನು ಲಿಖಿತವಾಗಿ ಕೇಳಿ. ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆಯಲು ಹೆಚ್ಚಿನ ಸಂಘಗಳು ಒಪ್ಪುವುದಿಲ್ಲ, ಒತ್ತಡ ಅಲ್ಲಿಗೇ ನಿಲ್ಲುತ್ತದೆ.

ಮನೆಯೊಳಗೆ ಕುಟುಂಬ, ನೆಂಟರಿಷ್ಟರು ಸೇರಿ ಭಜನೆ, ಪ್ರಾರ್ಥನೆ, ನಮಾಜು ಮಾಡಲು ಪೊಲೀಸ್ ಅನುಮತಿ ಬೇಕೆಂಬ ನಿಯಮವಿಲ್ಲ. ಗುಂಪೊಂದು ಬಾಗಿಲಿಗೆ ಬಂದರೆ ಬಾಗಿಲು ತೆರೆಯದೆ 112ಕ್ಕೆ ಕರೆ ಮಾಡಿ, ಒಳಗಿನಿಂದ ರೆಕಾರ್ಡ್ ಮಾಡಿ. ಒಳಗೆ ನುಗ್ಗಿದರೆ ಕಲಂ 329ರ ಅತಿಕ್ರಮ ಪ್ರವೇಶವೂ ಸೇರುತ್ತದೆ.

ಬೀದಿ ವ್ಯಾಪಾರಿಯನ್ನು ಧರ್ಮ ಕೇಳಿ ಎಬ್ಬಿಸುವುದು ಕಂಡರೆ ಅವರ ಬಳಿ ಗುರುತಿನ ಚೀಟಿ ಅಥವಾ ವ್ಯಾಪಾರ ಪ್ರಮಾಣಪತ್ರ ಇದೆಯೇ ನೋಡಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಡಿ ಜಾಗ ಕೊಡುವ, ಎಬ್ಬಿಸುವ ಅಧಿಕಾರ ಪಟ್ಟಣ ವ್ಯಾಪಾರ ಸಮಿತಿ ಮತ್ತು ನಗರಾಡಳಿತದ್ದು, ದಾರಿಹೋಕರದ್ದಲ್ಲ. ಅದರ ಜೊತೆಗೆ ನೀವು ಅಲ್ಲೇ ನಿಂತು ತರಕಾರಿ ಕೊಳ್ಳಿ, ಇನ್ನಿಬ್ಬರನ್ನೂ ಕರೆಯಿರಿ. ಕ್ಯಾಮೆರಾ ಹಿಡಿದು ಬಂದವರಿಗೆ ಗಿರಾಕಿಗಳ ಸಾಲು ಬೇಕಿರುವುದಿಲ್ಲ.

ಶಾಲೆಯಲ್ಲಿ ಮಗುವಿಗೆ ಸಹಪಾಠಿಗಳು ದೇಶದ್ರೋಹಿ ಎಂದೋ, ಇನ್ನೇನೋ ಹೆಸರಿಟ್ಟು ಕರೆದರೆ ಮೊದಲು ತರಗತಿ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ. ಯಾವ ದಿನ, ಯಾವ ಪದ, ಎಷ್ಟು ಮಂದಿ. ಹೆಸರು ಕರೆದ ಮಗುವನ್ನು ಸಸ್ಪೆಂಡ್ ಮಾಡಿ ಎಂದು ಕೇಳಬೇಡಿ. ಅದೂ ಮನೆಯಲ್ಲಿ ಕೇಳಿದ್ದನ್ನು ಹೇಳಿದೆ, ಅಷ್ಟೇ. ಎರಡೂ ಕಡೆಯ ಪೋಷಕರನ್ನು ಬೇರೆ ಬೇರೆಯಾಗಿ ಕರೆದು ಮಾತಾಡಿ ಎಂದು ಕೇಳಿ. ಶಿಕ್ಷಕರೇ 6ರಿಂದ 14 ವರ್ಷದ ಮಗುವಿಗೆ ಹಾಗೆ ಮಾಡಿದರೆ ಅದು ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ನಿಷೇಧಿಸಿದ ಮಾನಸಿಕ ಕಿರುಕುಳ. ಮಕ್ಕಳ ಸಹಾಯವಾಣಿ 1098.

ಧ್ವನಿವರ್ಧಕ ಮತ್ತು ಹಬ್ಬದ ದಾರಿ

ಧರ್ಮದ ಜಗಳ ಎಂದು ಶುರುವಾಗುವ ಎಷ್ಟೋ ಜಗಳಗಳ ಬುಡದಲ್ಲಿ ಇರುವುದು ಶಬ್ದ, ಪಾರ್ಕಿಂಗ್, ರಸ್ತೆಗೆ ಹಾಕಿದ ಪೆಂಡಾಲು. ಬುಡದಲ್ಲೇ ಹಿಡಿದರೆ ಧರ್ಮದ ಬಣ್ಣ ಬರುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ದೇವಸ್ಥಾನ, ಮಸೀದಿ, ಚರ್ಚು, ಮದುವೆ ಛತ್ರ, ರಾಜಕೀಯ ಸಭೆ ಎಲ್ಲಕ್ಕೂ ಇದೇ ನಿಯಮ. ದೂರು ಬರೆಯುವಾಗ ‘ಇಂಥ ಜಾಗದ ಧ್ವನಿವರ್ಧಕ, ಇಷ್ಟು ಗಂಟೆಗೆ’ ಎಂದಷ್ಟೇ ಬರೆಯಿರಿ. ಧರ್ಮದ ಹೆಸರು ಬರೆಯುವ ಅಗತ್ಯವೇ ಇಲ್ಲ. ಒಂದನ್ನು ಬಿಟ್ಟು ಇನ್ನೊಂದರ ಮೇಲೆ ಮಾತ್ರ ದೂರು ಕೊಡುತ್ತಾ ಹೋದರೆ ಅದು ಶಬ್ದದ ದೂರಾಗಿ ಉಳಿಯುವುದಿಲ್ಲ.

ಗಣೇಶ ವಿಸರ್ಜನೆ, ಈದ್ ಮಿಲಾದ್, ಊರ ತೇರು, ಸೆಪ್ಟೆಂಬರ್ 8ರ ಶಿವಾಜಿನಗರದ ಮೇರಿ ಹಬ್ಬ ಕೆಲವು ವರ್ಷ ಒಂದರ ಬೆನ್ನಿಗೆ ಒಂದು ಬರುತ್ತವೆ. ಮೂರು ವಾರ ಮುಂಚೆ ಕೂತು ಮಾತಾಡಿದರೆ ಸಾಕು, ಹಿಂದಿನ ದಿನದ ಶಾಂತಿ ಸಭೆ ಫೋಟೊಗಷ್ಟೇ. ಸಭೆಯಲ್ಲಿ ಹೂಮಾಲೆಗಿಂತ ಈ ವಿಷಯಗಳು ಮುಖ್ಯ: ಮೆರವಣಿಗೆ ಎಲ್ಲಿ ತಿರುಗುತ್ತದೆ, ಯಾವ ಪೂಜಾಸ್ಥಳದ ಎದುರು ಎಷ್ಟು ಹೊತ್ತಿಗೆ ಹಾಯುತ್ತದೆ, ಆ ಹೊತ್ತಿಗೆ ಅಲ್ಲಿ ನಮಾಜೋ ಮಂಗಳಾರತಿಯೋ ಇದೆಯೇ, ಡಿಜೆ ಎಲ್ಲಿಂದ ಎಲ್ಲಿಗೆ ಬಂದ್, ಯಾವ ಹಾಡುಗಳು ಬೇಡ. ಬೇರೆಯವರ ಪೂಜಾಸ್ಥಳದ ಎದುರು ನಿಂತು ಕುಣಿಯುವುದಿಲ್ಲ, ಸಾಗುತ್ತಲೇ ಇರುತ್ತೇವೆ ಎಂಬ ಒಂದು ಒಪ್ಪಂದ ಅರ್ಧ ತಂಟೆ ತಪ್ಪಿಸುತ್ತದೆ. ಎರಡೂ ಕಡೆಯಿಂದ ಹತ್ತು ಹತ್ತು ಸ್ವಯಂಸೇವಕರು, ಕೈಗೆ ಒಂದೇ ಬಣ್ಣದ ಪಟ್ಟಿ, ಎಲ್ಲರ ಫೋನಿನಲ್ಲಿ ಬೀಟ್ ಪೊಲೀಸರ ನಂಬರ್. ಸ್ವಯಂಸೇವಕರಾಗಿ ಊರಿನ ಹಿರಿಯರನ್ನು ಮಾತ್ರ ಹಾಕಬೇಡಿ. ಮೆರವಣಿಗೆಯಲ್ಲಿ ಕುಣಿಯುವ ಹುಡುಗರು ಮಾತು ಕೇಳುವುದು ಅವರದೇ ವಯಸ್ಸಿನ, ಅವರ ಜೊತೆಗೇ ಕ್ರಿಕೆಟ್ ಆಡುವ ಹುಡುಗರದ್ದು.

ಇದಕ್ಕೆ ಮಾದರಿ ಹೊರಗೆಲ್ಲೂ ಹುಡುಕಬೇಕಿಲ್ಲ. ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಚೈತ್ರ ಪೌರ್ಣಮಿಯ ರಾತ್ರಿ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಆ ರಾತ್ರಿ ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ, ದರ್ಗಾದವರು ಎಲ್ಲಿ ಎದುರುಗೊಳ್ಳುತ್ತಾರೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಪೇಟೆಯಲ್ಲಿ ತಲೆಮಾರುಗಳಿಂದ ನಡೆದುಬಂದದ್ದನ್ನು ಹೊಸ ಬಡಾವಣೆಗಳಲ್ಲಿ ನಾವು ಕಾಗದದ ಮೇಲೆ ಬರೆದು ಶುರುಮಾಡಬೇಕಾಗಿದೆ, ಅಷ್ಟೇ ವ್ಯತ್ಯಾಸ.

ಸಣ್ಣ ತಂಡ

ಇದನ್ನೆಲ್ಲ ಒಬ್ಬರೇ ಮಾಡಲಾಗದು. ವಾರ್ಡಿಗೆ ಆರೇಳು ಜನರ ತಂಡ ಸಾಕು. ಒಬ್ಬರು ವಿಡಿಯೊ ಪರೀಕ್ಷಿಸುವವರು, ಒಬ್ಬರು ದೂರು ಬರೆಯಬಲ್ಲವರು, ಒಬ್ಬರು ವಕೀಲರು ಅಥವಾ ಕಾನೂನು ವಿದ್ಯಾರ್ಥಿ, ಠಾಣೆಯವರಿಗೆ ಪರಿಚಯವಿರುವ ಒಬ್ಬರು, ಮನೆಗಳಿಗೆ ಹೋಗಿ ಕೂತು ಮಾತಾಡಬಲ್ಲ ಇಬ್ಬರು. ಅವರಲ್ಲೊಬ್ಬರು ಮಹಿಳೆ ಇರಲೇಬೇಕು, ಹೆದರಿದ ಮನೆಯ ಒಳಗಿನ ಮಾತು ಬಾಗಿಲಲ್ಲಿ ನಿಂತ ಗಂಡಸರಿಗೆ ಸಿಗುವುದಿಲ್ಲ. ಯಾವುದೇ ಪಕ್ಷದ ಪದಾಧಿಕಾರಿಯನ್ನು ತಂಡದ ಮುಖವಾಗಿ ಇಡಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಮುಂದಿನ ಚುನಾವಣೆಯಲ್ಲಿ ಇಡೀ ಕೆಲಸ ಒಂದು ಪಕ್ಷದ್ದೆಂದು ಎಣಿಕೆಯಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಾದರೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೂರು ಸಾಲಿನ ನಿರ್ಣಯ ಮಾಡಿಸಿ. ಕ್ಲಬ್‌ಹೌಸ್ ಮತ್ತು ಲಾನ್ ಎಲ್ಲ ಧರ್ಮದ ಹಬ್ಬಕ್ಕೂ ಒಂದೇ ಬಾಡಿಗೆ, ಒಂದೇ ಸಮಯದ ನಿಯಮದಲ್ಲಿ ಸಿಗುತ್ತದೆ. ಸಂಘದ ಗ್ರೂಪಿನಲ್ಲಿ ನೀರು, ಲಿಫ್ಟ್, ಸೆಕ್ಯುರಿಟಿಯಂಥ ಕಟ್ಟಡದ ವಿಷಯ ಮಾತ್ರ, ಒಂದು ಸಮುದಾಯವನ್ನು ಹೀಗಳೆಯುವ ಸಂದೇಶವನ್ನು ಅಡ್ಮಿನ್ ಅಳಿಸಬಹುದು. ಮನೆಗೆಲಸದವರು, ಡೆಲಿವರಿಯವರು, ಸೆಕ್ಯುರಿಟಿಯವರ ಧರ್ಮವನ್ನು ಗೇಟಿನ ರಿಜಿಸ್ಟರಿನಲ್ಲಿ ಕೇಳುವಂತಿಲ್ಲ. ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿ ಹಾಕಿಸಿ, ಒಂದು ಪ್ರತಿಯನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿ. ಅದರ ಕೆಳಗೆ 112, 1098, 15100 ಮತ್ತು ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆ ಇರಲಿ, ಕನ್ನಡದ ಜೊತೆಗೆ ಉರ್ದು, ತಮಿಳು, ಹಿಂದಿಯಲ್ಲೂ ಒಂದೊಂದು ಸಾಲು.